ಮುದ್ದೆ ನುಂಗುವ ಮನೆಯಲ್ಲಿ ಅಗಿಯುವುದನ್ನು ಕಲಿತದ್ದು

ಹೋದ ವರ್ಷ ಹೊಸತೊಡಕಿನ ಮಾರನೇ ದಿನ ಬೆಳಿಗ್ಗೆ ಅವರು ನನ್ನ ಹತ್ತಿರ ಬಂದರು. ಜೊತೆಗೆ ಗಂಡ. ಕೈಯಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯ ದಪ್ಪ ಫೈಲು. ತೂಕ ಇಳಿಸುವ ಆಪರೇಷನ್ ಆಗಿ ಏಳು ವಾರವಾಗಿತ್ತು. ಕೂತ ತಕ್ಷಣ ಹೇಳಿದ್ದು ಇಷ್ಟು: "ಮೇಡಂ, ಆಪರೇಷನ್ ಕೆಟ್ಟೋಗಿದೆ ಅನ್ಸುತ್ತೆ. ಏನ್ ತಿಂದ್ರೂ ಎದೇಲೇ ನಿಂತ್ಕೊಳುತ್ತೆ. ನೆನ್ನೆ ಮುದ್ದೆ ನಿಂತಿದ್ದು, ಪ್ರಾಣಾನೇ ಹೋದಂಗಾಯ್ತು."

ನಾನು ಕೋಲಾರದಲ್ಲಿ ಆಹಾರ ಸಲಹೆಗಾರ್ತಿ, ಅಂದರೆ ಡಯಟಿಷಿಯನ್. ಈ ಪ್ರಕರಣವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ನನಗಿಂತ ದೊಡ್ಡವರು, ಹಾಗಾಗಿ ಮೊದಲ ದಿನದಿಂದ ಅಕ್ಕ ಅಂತಲೇ ಕರೆಯುತ್ತೇನೆ. ಇಲ್ಲೂ ಹಾಗೇ ಇರಲಿ.

ಅಕ್ಕನಿಗೆ 43 ವರ್ಷ. ಮಾಲೂರಿನ ಕಡೆಯ ಹಳ್ಳಿ. ಮೂರು ಹಸು, ಒಂದಷ್ಟು ಹಿಪ್ಪುನೇರಳೆ ತೋಟ, ಮನೆ ಪಕ್ಕದಲ್ಲೇ ರೇಷ್ಮೆ ಹುಳು ಸಾಕುವ ಮನೆ. ಆಪರೇಷನ್‌ಗೆ ಮೊದಲು 112 ಕಿಲೋ ತೂಕ, ಎತ್ತರ 156 ಸೆಂಟಿಮೀಟರ್. ಲೆಕ್ಕ ಹಾಕಿದರೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 46. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಮಂಡಿ ನೋವಿನಿಂದ ಹಾಲು ಕರೆಯಲು ಕೂರುವುದೇ ಕಷ್ಟ. ರಾತ್ರಿ ಗೊರಕೆಯ ಮಧ್ಯೆ ಉಸಿರು ನಿಲ್ಲುತ್ತಿತ್ತು. ಇಂಥವರಿಗೆ ಆಪರೇಷನ್ ಬೇಕಿತ್ತಾ ಅಂತ ಊರಲ್ಲಿ ಇವತ್ತಿಗೂ ಕೇಳುತ್ತಾರೆ. ಬೇಕಿತ್ತು. 1991ರ ಅಮೆರಿಕದ ಹಳೇ ನಿಯಮದಲ್ಲೇ ಬಿಎಂಐ 40 ದಾಟಿದವರಿಗೆ ಈ ಆಪರೇಷನ್ ಮಾಡಬಹುದು ಅಂತ ಇತ್ತು. 2022ರಲ್ಲಿ ಅದನ್ನು 35ಕ್ಕೆ ಇಳಿಸಿದರು. ನಮ್ಮಂಥ ಏಷ್ಯಾದವರಿಗೆ 27.5 ದಾಟಿದರೂ ಯೋಚಿಸಬಹುದು ಅಂತ ಸೇರಿಸಿದರು. ಅಕ್ಕ ಈ ಎಲ್ಲಾ ಗೆರೆಗಳನ್ನೂ ಎಂದೋ ದಾಟಿದ್ದರು. ಇದು ಆಸೆಗೆ ಮಾಡಿಸಿಕೊಂಡಿದ್ದಲ್ಲ.

ಅವರಿಗೆ ಮಾಡಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಅದರಲ್ಲಿ 100ರಿಂದ 150 ಎಂಎಲ್ ಹಿಡಿಯುತ್ತದೆ, ಹೋಟೆಲಿನ ಒಂದು ಟೀ ಲೋಟದಷ್ಟು. ತೆಗೆದ ಭಾಗದಲ್ಲೇ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಹೆಚ್ಚಾಗಿ ತಯಾರಾಗುವುದು. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವೇ ಗೊತ್ತಾಗುವುದಿಲ್ಲ. ಅಕ್ಕ ಇದನ್ನು ತುಂಬಾ ಚೆನ್ನಾಗಿ ಹೇಳಿದರು: "ಹೊಟ್ಟೆ ಹಸಿಯಲ್ಲ ಮೇಡಂ, ಆದ್ರೆ ಕೈ ಹಸಿಯುತ್ತೆ." ನಲವತ್ತು ವರ್ಷ ಮುದ್ದೆ ಮುರಿದ ಕೈ ಅದು.

ಫೈಲಿನಲ್ಲಿ ಊಟದ ಪಟ್ಟಿ ಇತ್ತು. ಇಂಗ್ಲಿಷಿನಲ್ಲಿ, ಎರಡು ಪುಟ. ಓಟ್ಸ್, ಬ್ರೊಕೊಲಿ ಸೂಪ್, ಟೋಫು, ಗ್ರೀಕ್ ಯೋಗರ್ಟ್. ಪಟ್ಟಿ ತಪ್ಪಲ್ಲ. ಹಂತಗಳೂ ಸರಿಯಾಗಿದ್ದವು: ಮೊದಲ ಎರಡು ವಾರ ದ್ರವ, ಆಮೇಲೆ ಎರಡು ವಾರ ನುಣ್ಣಗೆ ರುಬ್ಬಿದ್ದು, ಮತ್ತೆರಡು ವಾರ ಮೆತ್ತಗಿನದು, ಅದಾದ ಮೇಲೆ ನಿಧಾನವಾಗಿ ಗಟ್ಟಿ ಊಟ. ಆದರೆ ಅದರಲ್ಲಿ ರಾಗಿ ಅನ್ನುವ ಪದವೇ ಇರಲಿಲ್ಲ. ಸಾರು ಇರಲಿಲ್ಲ. ಕಾಳು, ಸೊಪ್ಪು ಇರಲಿಲ್ಲ. ಕೋಲಾರದ ಮನೆಯೊಂದಕ್ಕೆ ಹೋಗುವ ಊಟದ ಪಟ್ಟಿಯಲ್ಲಿ ಮುದ್ದೆಯ ಬಗ್ಗೆ ಒಂದು ಸಾಲೂ ಇಲ್ಲ ಅಂದರೆ ಆ ಪಟ್ಟಿ ಬೀರುವಿನಲ್ಲೇ ಉಳಿಯುತ್ತದೆ. ಅಲ್ಲೇ ಉಳಿದಿತ್ತು.

ಹಾಗಾದರೆ ಏಳು ವಾರ ಏನು ತಿಂದಿದ್ದರು? ಮೊದಲ ಎರಡು ವಾರ ಎಳನೀರು, ಮಜ್ಜಿಗೆ, ಬೇಳೆ ಕಟ್ಟು. ಕಟ್ಟು ಅಂದರೆ ಬಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ಬಾಣಂತಿಗೂ ಕಟ್ಟಿನ ಸಾರೇ. ಆದರೆ ಬೇಳೆಯ ಪ್ರೋಟೀನು ಬಹುಪಾಲು ಬೇಳೆಯಲ್ಲೇ ಉಳಿಯುತ್ತದೆ. ಬಸಿದ ನೀರಿಗೆ ಬರುವುದು ಕಮ್ಮಿ. ಅದಾದ ಮೇಲೆ ರುಬ್ಬಿದ್ದು, ಮೆತ್ತಗಿನದು ಅನ್ನುವ ಹಂತಗಳನ್ನು ಮನೆಯಲ್ಲಿ ಯಾರೂ ಪಾಲಿಸಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿರಲಿಲ್ಲ. ನಾಲ್ಕನೇ ವಾರಕ್ಕೆ ಅನ್ನ, ಐದನೇ ವಾರಕ್ಕೆ ಚಪಾತಿ. ಆಗಲೇ ದಿನಕ್ಕೊಂದೆರಡು ಸಲ ವಾಂತಿ ಶುರುವಾಗಿತ್ತು. ಅದು ಆಪರೇಷನ್ ಆದವರಿಗೆ ಇದ್ದದ್ದೇ ಅಂತ ಸುಮ್ಮನಿದ್ದರು.

ಇನ್ನೊಂದು ವಿಷಯವನ್ನು ಅಕ್ಕ ಮೂರನೇ ಭೇಟಿಯಲ್ಲಿ ಹೇಳಿದರು. ನೆಂಟರಿಗೆಲ್ಲ ಪಿತ್ತಕೋಶದ ಕಲ್ಲಿನ ಆಪರೇಷನ್ ಅಂತ ಹೇಳಿದ್ದರಂತೆ. ದಪ್ಪ ಇಳಿಸಿಕೊಳ್ಳಲು ಹೊಟ್ಟೆ ಕೊಯ್ಸಿಕೊಂಡಳು ಅನ್ನುವ ಮಾತು ಬೇಡ ಅಂತ. ಅದಕ್ಕೇ ಹೊಸತೊಡಕಿನ ದಿನ ಪಂಕ್ತಿಯಲ್ಲಿ ಕೂತಾಗ ಬೇಡ ಅನ್ನಲು ಕಾರಣವೇ ಇರಲಿಲ್ಲ. ಎಲೆಗೆ ಮುದ್ದೆ ಬಿತ್ತು, ಮಟನ್ ಸಾರು ಬಿತ್ತು. ನಾದಿನಿ ಎದುರಿಗೇ ನಿಂತು "ತಿನ್ನಿ ಅತ್ತಿಗೆ, ಎಷ್ಟು ಸೊರಗಿದ್ದೀರಾ" ಅಂದರು. ಅಕ್ಕ ನಿಂಬೆಕಾಯಿ ಗಾತ್ರದ ಒಂದು ತುತ್ತು ಮುರಿದು, ಸಾರಲ್ಲಿ ಅದ್ದಿ, ಎಂದಿನಂತೆ ನುಂಗಿದರು. ಅದು ಎದೆಯ ಕೆಳಗೆ ನಿಂತಿತು. ಇಳಿಯಲಿ ಅಂತ ಒಂದು ಚೊಂಬು ನೀರು ಕುಡಿದರು. ಕೆಳಗೆ ದಾರಿ ಇಲ್ಲ, ಮೇಲಿಂದ ನೀರು. ಬಾಯಲ್ಲಿ ನೊರೆ ನೊರೆ ಜೊಲ್ಲು, ಬೆನ್ನಿಗೆ ಚುಚ್ಚಿದಂಥ ನೋವು, ಆಮೇಲೆ ವಾಂತಿ. ಕೊಟ್ಟಿಗೆ ಹಿಂದೆ ಹೋಗಿ ಒಬ್ಬರೇ ವಾಂತಿ ಮಾಡಿಕೊಂಡಿದ್ದನ್ನು ಹೇಳುವಾಗ ಅವರ ಕಣ್ಣು ತುಂಬಿತು.

ಅವತ್ತು ನಾನು ಊಟದ ಮಾತನ್ನೇ ಎತ್ತಲಿಲ್ಲ. ಕಾರಣ ಎರಡು. ಎರಡು ವಾರದಿಂದ ವಾಂತಿ. ಜೊತೆಗೆ, ಪಾದ ಜುಮ್ಮೆನ್ನುತ್ತದೆ ಅಂದಿದ್ದರು. ಸುಸ್ತು ಅಂತ ಊರಿನ ಹತ್ತಿರವೇ ಎರಡು ಸಲ ಗ್ಲೂಕೋಸ್ ಬಾಟ್ಲು ಹಾಕಿಸಿಕೊಂಡಿದ್ದರು. ಇದನ್ನು ಓದುವವರ ಮನೆಯಲ್ಲಿ ಈ ಆಪರೇಷನ್ ಆದವರು ಇದ್ದರೆ ದಯವಿಟ್ಟು ಇಲ್ಲಿ ನಿಂತು ಓದಿ. ತಿಂದಿದ್ದು ನಿಲ್ಲದೆ ವಾಂತಿ ಆಗುತ್ತಲೇ ಇದ್ದರೆ ಥಯಾಮಿನ್, ಅಂದರೆ ಬಿ1 ವಿಟಮಿನ್, ಕೆಲವೇ ವಾರಗಳಲ್ಲಿ ಖಾಲಿಯಾಗುತ್ತದೆ. ದೇಹದಲ್ಲಿ ಅದರ ದಾಸ್ತಾನು ಕಮ್ಮಿ. ಅಂಥ ಹೊತ್ತಲ್ಲಿ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ, ಉಳಿದಿದ್ದ ಚೂರೂ ಅದನ್ನು ಅರಗಿಸಲು ಖರ್ಚಾಗಿ, ಮಿದುಳಿಗೇ ಪೆಟ್ಟು ಬೀಳಬಹುದು. ಕಣ್ಣು ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗಲಿಬಿಲಿಯಾಗುವುದು ಕಂಡರೆ ಒಂದು ಗಂಟೆಯೂ ಕಾಯಬಾರದು. ಆಪರೇಷನ್ ಆಗಿದೆ ಅನ್ನುವುದನ್ನು ನೆಂಟರಿಂದ ಬೇಕಾದರೆ ಮುಚ್ಚಿಡಿ, ಡ್ರಿಪ್ ಹಾಕುವ ಡಾಕ್ಟರಿಂದ ಮುಚ್ಚಿಡಬೇಡಿ. ಅಕ್ಕ ಅಲ್ಲೂ ಪಿತ್ತಕೋಶ ಅಂತಲೇ ಹೇಳಿದ್ದರು.

ಆಪರೇಷನ್ ಮಾಡಿದ ಸರ್ಜನ್‌ಗೆ ಫೋನ್ ಮಾಡಿಸಿದೆ. ಅವತ್ತೇ ಸಂಜೆ ಹೋದರು. ಥಯಾಮಿನ್ ಇಂಜೆಕ್ಷನ್ ಕೊಟ್ಟರು, ಎಂಡೋಸ್ಕೋಪಿ ಮಾಡಿದರು. ಕೊಳವೆ ಎಲ್ಲೂ ಕಿರಿದಾಗಿರಲಿಲ್ಲ, ತಿರುಚಿಕೊಂಡಿರಲಿಲ್ಲ. ಆಪರೇಷನ್ ಕೆಟ್ಟಿರಲಿಲ್ಲ. ಪಾದದ ಜುಮ್ಮು ಒಂದು ತಿಂಗಳಲ್ಲಿ ಹೋಯಿತು. ತೊಂದರೆ ಇದ್ದದ್ದು ತಿನ್ನುವ ರೀತಿಯಲ್ಲಿ. ಆಗ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ನಾನು ಮಾಡಿದ್ದು ತಪ್ಪು. ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ "ಮುದ್ದೆ ಬೇಡ" ಅಂತ ಬರೆದುಕೊಟ್ಟೆ. ಅಂಟು ಪದಾರ್ಥ, ನುಂಗುವ ಪದಾರ್ಥ, ಬೇಡವೇ ಬೇಡ. ಹತ್ತು ದಿನ ಬಿಟ್ಟು ವಿಚಾರಿಸಿದರೆ ವಾಂತಿ ನಿಂತಿತ್ತು, ಆದರೆ ಅಕ್ಕ ಮನೆಯವರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದರು. ಹುಳು ಮನೆಯಲ್ಲಿ ಸೊಪ್ಪು ಹಾಕುವ ನೆಪದಲ್ಲಿ ಹೋಗಿ, ಅಲ್ಲೇ ನಿಂತು ಎರಡು ಬಿಸ್ಕತ್ತು ಟೀಗೆ ಅದ್ದಿ ತಿಂದು ಮುಗಿಸುತ್ತಿದ್ದರು. ದಿನದ ಪ್ರೋಟೀನ್ ಲೆಕ್ಕ ಹಾಕಿದರೆ 20 ಗ್ರಾಂ ಇರಲಿಲ್ಲ. ಅವರಿಗೆ ಬೇಕಿದ್ದದ್ದು 60 ಗ್ರಾಂ. ಅಷ್ಟು ಕಮ್ಮಿ ಸಿಕ್ಕರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ತೂಕದ ಮಿಷನ್ನಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ.

ಆಗ ಅವರ ಮನೆಗೆ ಹೋದೆ. ಸಣ್ಣ ತಕ್ಕಡಿ ತೆಗೆದುಕೊಂಡು ಹೋಗಿದ್ದೆ. ಅತ್ತೆ ಆಗ ತಾನೇ ಕಟ್ಟಿದ ಮುದ್ದೆ ತೂಗಿದರೆ 310 ಗ್ರಾಂ. ಹೊಸ ಹೊಟ್ಟೆ ಹಿಡಿಯುವುದಕ್ಕಿಂತ ಎರಡು ಪಟ್ಟು ಜಾಸ್ತಿ. ಅದು ಒಂದು ಮುದ್ದೆ ಮಾತ್ರ. ಆದರೆ ಗಾತ್ರಕ್ಕಿಂತ ದೊಡ್ಡ ವಿಷಯ ಬೇರೆ ಇತ್ತು. ನಮ್ಮಲ್ಲಿ ಮುದ್ದೆ ಅಗಿಯುವುದಿಲ್ಲ. ಮಗು ಅಗಿಯಲು ಹೋದರೆ "ಅಗೀಬೇಡ, ನುಂಗು" ಅಂತ ಗದರುತ್ತೇವೆ. ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ವಾಕರಿಕೆ ಬರುತ್ತದೆ ಅಂತ. ಇತ್ತ ಸ್ಲೀವ್ ಆದವರಿಗೆ ಮೊದಲ ಪಾಠವೇ ಪ್ರತಿ ತುತ್ತನ್ನೂ ಇಪ್ಪತ್ತು, ಮೂವತ್ತು ಸಲ ಅಗಿಯಿರಿ ಅನ್ನುವುದು. ಮೊದಲು ಹೊಟ್ಟೆ ಮಾಡುತ್ತಿದ್ದ ಅರೆಯುವ ಕೆಲಸವನ್ನು ಈಗ ಬಾಯಿ ಮಾಡಬೇಕು. ಗೋಧಿ, ಅಕ್ಕಿ ತಿನ್ನುವವರಿಗೆ ಇದು ಅಭ್ಯಾಸವನ್ನು ಜಾಸ್ತಿ ಮಾಡಿಕೊಳ್ಳುವ ಪ್ರಶ್ನೆ. ಮುದ್ದೆಯವರಿಗೆ ಅಭ್ಯಾಸವನ್ನೇ ಬುಡಮೇಲು ಮಾಡುವ ಪ್ರಶ್ನೆ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಇದು ಹೊಳೆದದ್ದು ಆ ಅಡುಗೆಮನೆಯಲ್ಲಿ.

ಅತ್ತೆಗೆ ಎಪ್ಪತ್ತು ದಾಟಿದೆ. ಹಲ್ಲು ನಾಲ್ಕೋ ಐದೋ. ನನ್ನ ಮೇಲೆ ಸಿಟ್ಟಿತ್ತು. "ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಅಂತಾರೆ. ಹಲ್ಲಿಲ್ಲದ ನಾನೇ ಮುದ್ದೆ ಉಣ್ತೀನಿ, ಹಲ್ಲಿರೋ ನನ್ನ ಸೊಸೆಗೆ ಬೇಡ ಅಂತೀಯಲ್ಲಮ್ಮಾ, ಏನು ಕಾರಣ?" ಅಂದರು. ನಾನು ಡಾಕ್ಟರ ಭಾಷೆಯಲ್ಲಿ ಹೇಳಲು ಹೋಗಲಿಲ್ಲ. "ಅಜ್ಜಿ, ಇವರ ಹೊಟ್ಟೆ ಈಗ ಮಗುವಿನ ಹೊಟ್ಟೆಯಷ್ಟೇ ಇದೆ" ಅಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಹಂಗಾದ್ರೆ ರಾಗಿ ಸರಿಯಿಂದ ಶುರು ಮಾಡ್ಬೇಕು ಅಲ್ವಾ?"

ಆ ಒಂದು ಪ್ರಶ್ನೆಯಲ್ಲಿ ಎರಡು ಪುಟದ ಇಂಗ್ಲಿಷ್ ಪಟ್ಟಿ ಪೂರ್ತಿ ಇತ್ತು. ಅಜ್ಜಿ ತಮ್ಮ ಮಕ್ಕಳು, ಮೊಮ್ಮಕ್ಕಳಿಗೆಲ್ಲ ಹಾಲು ಬಿಡಿಸಿ ಊಟ ಕಲಿಸಿದವರು. ಮೊಳಕೆ ಕಟ್ಟಿ, ಒಣಗಿಸಿ, ಬಟ್ಟೆಯಲ್ಲಿ ಸೋಸಿದ ರಾಗಿಯ ಸರಿ ಮೊದಲು. ಆಮೇಲೆ ಬೇಳೆ ಹಾಕಿ ನುಣ್ಣಗೆ ಮಿದ್ದ ಅನ್ನ. ಆಮೇಲೆ ಕಾಳು ಕಿವುಚಿ ಕೊಡುವುದು. ಮುದ್ದೆ ಎಲ್ಲದಕ್ಕಿಂತ ಕೊನೆಗೆ, ಅದೂ ಉಗುರಿನಷ್ಟು. ಮಗು ಮುಖ ತಿರುಗಿಸಿದರೆ ನಿಲ್ಲಿಸುವುದು. ತಿನ್ನಿಸುವಾಗ ಗಂಟಲಿಗೆ ನೀರು ಸುರಿಯದಿರುವುದು. ಇದೆಲ್ಲ ಅವರ ಕೈಗೆ ಗೊತ್ತಿತ್ತು. ನಾನು "ಹೌದು ಅಜ್ಜಿ, ಅಷ್ಟೇ" ಅಂದೆ. ಅವತ್ತಿನಿಂದ ಪಟ್ಟಿ ನೋಡಿಕೊಳ್ಳುವ ಕೆಲಸ ಅಜ್ಜಿಯದು. ನನ್ನ ಪಾಲಿಗೆ ಉಳಿದಿದ್ದು ಪ್ರೋಟೀನ್ ಲೆಕ್ಕ ಮತ್ತು ಮಾತ್ರೆ.

ಹಾಗೆ ಹಿಂದಕ್ಕೆ ಹೋಗಿ ಶುರು ಮಾಡಿದೆವು. ಒಂಬತ್ತನೇ ವಾರದಲ್ಲಿ ಇರಬೇಕಾದವರು ಮೂರನೇ ವಾರದ ಊಟಕ್ಕೆ ಹೋದರು. ಸರಿಗೆ ಸಕ್ಕರೆ, ಬೆಲ್ಲ ಇಲ್ಲ, ಹಾಲು ಮಾತ್ರ. ತೊವ್ವೆ ಕಟ್ಟು ಬಸಿಯದೆ ಬೇಳೆ ಸಮೇತ ರುಬ್ಬಿದ್ದು. ಮೊಟ್ಟೆ ಬೇಯಿಸಿ ಮೊಸರಲ್ಲಿ ಕಿವುಚಿದ್ದು. ಅಳತೆ ದೊಡ್ಡ ಚಮಚದಲ್ಲಿ ನಾಲ್ಕೈದು, ದಿನಕ್ಕೆ ಐದಾರು ಸಲ. ನೀರು, ಮಜ್ಜಿಗೆ ಎರಡೂ ಊಟ ಆಗಿ ಅರ್ಧ ಗಂಟೆಯ ಮೇಲೆ, ಗುಟುಕು ಗುಟುಕಾಗಿ. ಇದು ಅಕ್ಕನಿಗೆ ಮುದ್ದೆಗಿಂತ ಕಷ್ಟವಾಯಿತು. ಪಕ್ಕದಲ್ಲಿ ಚೊಂಬು ಇಟ್ಟುಕೊಳ್ಳದೆ ಅವರು ಊಟ ಮಾಡಿದ್ದೇ ಇಲ್ಲ. ಕೊನೆಗೆ ಚೊಂಬನ್ನು ಹಟ್ಟಿ ಬಾಗಿಲ ಹತ್ತಿರ ಇಡಲು ಶುರು ಮಾಡಿದರು. ಎದ್ದು ಹೋಗಬೇಕಾದರೆ ನೆನಪಾಗುತ್ತದೆ ಅಂತ.

ಮನೆಯವರ ಊಟಕ್ಕೇ ಸೇರುವ ಹೊತ್ತಿಗೆ ನಾಲ್ಕನೇ ತಿಂಗಳು. ಇಲ್ಲಿ ನಮ್ಮ ಬಸ್ಸಾರು ಬಹಳ ಸಹಾಯ ಮಾಡಿತು. ನೋಡಿ, ಬಸ್ಸಾರಿನಲ್ಲಿ ಕಾಳು, ಸೊಪ್ಪು ಪಲ್ಯವಾಗಿ ಬೇರೆ ಇರುತ್ತದೆ, ಕಟ್ಟು ಸಾರಾಗಿ ಬೇರೆ. ನಾವು ಮುದ್ದೆ ಮೊದಲು ತಿಂದು ಪಲ್ಯವನ್ನು ಪಕ್ಕಕ್ಕೆ ನೆಂಚಿಕೊಳ್ಳುತ್ತೇವೆ. ಅಕ್ಕನಿಗೆ ಅದನ್ನೇ ತಿರುಗಿಸಿದೆವು. ಪಲ್ಯ ಮೊದಲು, ಅದರಲ್ಲೂ ಕಾಳು. ಅಲಸಂದೆ, ಹೆಸರುಕಾಳು, ಹುರುಳಿ, ಯಾವುದಾದರೂ ಸರಿ, ಚೆನ್ನಾಗಿ ಬೆಂದಿರಬೇಕು, ಚೆನ್ನಾಗಿ ಅಗಿಯಬೇಕು. ಉಳಿದ ಜಾಗದಲ್ಲಿ ಮಾತ್ರ ಅನ್ನ ಅಥವಾ ರಾಗಿ ದೋಸೆ. ಉಪ್ಸಾರು ಆದರೂ ಅಷ್ಟೇ. ಬೇರೆ ಸಾರು ಆದರೆ ಪಾತ್ರೆಯ ತಳದಿಂದ ಕಾಳು ತೋಡಿ ಹಾಕುವುದು. "ಮೇಲಿನ ತಿಳಿ ಗಂಡಸರಿಗೆ, ತಳ ಸೊಸೆಗೆ" ಅಂತ ಅಜ್ಜಿಯೇ ನಿಯಮ ಮಾಡಿದರು. ನಮ್ಮ ಕಡೆ ಸಾಮಾನ್ಯವಾಗಿ ಸೊಸೆ ಕೊನೆಗೆ ಉಣ್ಣುತ್ತಾಳೆ, ಇದ್ದದ್ದು ತಿನ್ನುತ್ತಾಳೆ, ಅದೂ ಬೇಗ ಬೇಗ. ಆ ಮನೆಯಲ್ಲಿ ಸೊಸೆಗೆ ಮೊದಲು ಬಡಿಸಲು ಶುರುವಾದದ್ದು ಈ ಆಪರೇಷನ್ನಿಂದ.

ಸೋಮವಾರ, ಶನಿವಾರ ಅವರ ಮನೆಯಲ್ಲಿ ಮೊಟ್ಟೆ, ಮಾಂಸ ಇಲ್ಲ. ಆ ದಿನ ಹುರಿಗಡಲೆ ಪುಡಿ ಎರಡು ಚಮಚ ಮಜ್ಜಿಗೆಗೆ ಕಲಸಿ ಎರಡು ಸಲ, ಮನೆ ಹಾಲನ್ನೇ ಒಡೆಸಿ ಮಾಡಿದ ಪನೀರ್. ಉಳಿದ ದಿನ ಎರಡು ಮೊಟ್ಟೆಯಿಂದ 12 ಗ್ರಾಂ, ಎರಡು ಲೋಟ ಹಾಲಿನಿಂದ ಸುಮಾರು 12, ಕಾಳು, ಮೊಸರು, ಸ್ವಲ್ಪ ಕೋಳಿ ಅಥವಾ ಕೆರೆ ಮೀನು. ಐದನೇ ತಿಂಗಳಿಗೆ 55 ಗ್ರಾಂ ಮುಟ್ಟಿತು. ಡಬ್ಬದ ಪ್ರೋಟೀನ್ ಪುಡಿ ಒಂದು ತಿಂಗಳು ಮಾತ್ರ ಬೇಕಾಯಿತು. ಡೈರಿಗೆ ಹಾಲು ಹಾಕುವ ಮನೆಯಲ್ಲಿ ಮನೆಗೆ ಒಂದು ಲೋಟ ಹಾಲು ಉಳಿಸುತ್ತಿರಲಿಲ್ಲ ಅನ್ನುವುದು ನನಗೆ ತುಂಬಾ ನೋವು ತಂದ ವಿಷಯ. ಈಗ ಅರ್ಧ ಲೀಟರ್ ಉಳಿಸುತ್ತಾರೆ.

ನಾಲ್ಕನೇ ತಿಂಗಳಲ್ಲೇ ಕೂದಲು ಉದುರಲು ಶುರುವಾಯಿತು. ತೂಕ ಬೇಗ ಇಳಿದಾಗ ಮೂರರಿಂದ ಆರು ತಿಂಗಳ ನಡುವೆ ಇದು ಆಗುವುದೇ, ಮತ್ತೆ ಬರುತ್ತದೆ. ಆದರೆ ಕೈ ತುಂಬಾ ಕೂದಲು ಬರುವಾಗ ಆ ಮಾತು ಯಾರಿಗೆ ಸಮಾಧಾನ ಕೊಡುತ್ತದೆ? ಬೋಳು ಆಗೋಗ್ತೀನಾ ಮೇಡಂ ಅಂತ ದಿನಾ ಫೋನ್. ಒಂಬತ್ತನೇ ತಿಂಗಳಿಗೆ ಹಣೆ ಮೇಲೆ ಹೊಸ ಕೂದಲು ಕಂಡಾಗ ಫೋಟೊ ಕಳಿಸಿದರು.

ಗೌರಿ ಹಬ್ಬದ ದಿನ ಒಂದು ಲೋಟ ಶಾವಿಗೆ ಪಾಯಸ ಕುಡಿದರು. ಇಪ್ಪತ್ತು ನಿಮಿಷದಲ್ಲಿ ಎದೆ ಡವಡವ, ಬೆವರು, ಹೊಟ್ಟೆ ತೊಳಸುವುದು, ಮಲಗಲೇಬೇಕಾದ ಸುಸ್ತು. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಸಿಹಿ ಹೊಟ್ಟೆಯಲ್ಲಿ ನಿಲ್ಲದೆ ಸೀದಾ ಸಣ್ಣ ಕರುಳಿಗೆ ಜಾರಿ, ಅಲ್ಲಿ ನೀರನ್ನು ಎಳೆದುಕೊಳ್ಳುತ್ತದೆ. ಗ್ಯಾಸ್ಟ್ರಿಕ್ ಬೈಪಾಸ್ ಅನ್ನುವ ಇನ್ನೊಂದು ಬಗೆಯ ತೂಕ ಇಳಿಸುವ ಆಪರೇಷನ್ ಆದವರಿಗೆ ಜಾಸ್ತಿ, ಸ್ಲೀವ್ ಆದವರಿಗೂ ಆಗುವುದುಂಟು. ಅವತ್ತಿನಿಂದ ಪಾಯಸ ಎರಡು ಚಮಚ, ಅದೂ ಊಟದ ಕೊನೆಗೆ.

ಮಾತ್ರೆಯ ವಿಷಯದಲ್ಲಿ ನಾನು ಬೇಗ ಎಚ್ಚೆತ್ತುಕೊಳ್ಳಬೇಕಿತ್ತು. ಬೆಳಿಗ್ಗೆ ಒಂದೇ ಸಲ ಕಬ್ಬಿಣ, ಕ್ಯಾಲ್ಸಿಯಂ ಎರಡನ್ನೂ ಟೀ ಜೊತೆ ನುಂಗಿ ಕೆಲಸಕ್ಕೆ ಹೋಗುತ್ತಿದ್ದರು. ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುತ್ತದೆ, ಟೀಯೂ ತಡೆಯುತ್ತದೆ. ಎರಡು ಗಂಟೆ ಅಂತರ ಬೇಕು. ಬಿ12 ಮಾತ್ರೆಯನ್ನಂತೂ ಖಾಲಿಯಾದ ಮೇಲೆ ತಂದೇ ಇರಲಿಲ್ಲ. ಮಾಂಸ ತಿನ್ನುತ್ತೀವಲ್ಲ ಅಂತ. ಬಿ12 ಒಳಗೆ ಹೋಗಲು ಬೇಕಾದ ಒಂದು ಪದಾರ್ಥ ಹೊಟ್ಟೆಯ ಗೋಡೆಯಲ್ಲೇ ತಯಾರಾಗುತ್ತದೆ. ಆ ಗೋಡೆಯ ಬಹುಪಾಲು ಈಗ ಇಲ್ಲ. ಆರನೇ ತಿಂಗಳ ರಕ್ತಪರೀಕ್ಷೆಯಲ್ಲಿ ಬಿ12, ಕಬ್ಬಿಣ ಎರಡೂ ಕಮ್ಮಿ ಬಂತು. ಇಂಜೆಕ್ಷನ್ ಕೊಡಿಸಿದರು. ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ, ಮಾತ್ರೆ ಯಾಕೆ ಅಂತ ಗಂಡ ಕೇಳಿದರು. ನ್ಯಾಯವಾದ ಪ್ರಶ್ನೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 350 ಮಿಲಿಗ್ರಾಂ ಹತ್ತಿರ ಇದೆ, ಧಾನ್ಯಗಳಲ್ಲಿ ಅದಕ್ಕೆ ಸಮ ಇಲ್ಲ. ಆದರೆ ಅಕ್ಕನಿಗೆ ದಿನಕ್ಕೆ 1200ರಿಂದ 1500 ಬೇಕು, ಅವರು ತಿನ್ನುವ ರಾಗಿ 30 ಗ್ರಾಂ. ಮಾತ್ರೆ ಜೀವನಪೂರ್ತಿ. ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನಿಂದ ತಾವೇ ತರುತ್ತಿದ್ದ ನೋವಿನ ಮಾತ್ರೆಯನ್ನು ಮಾತ್ರ ಪೂರ್ತಿ ಬಿಡಿಸಿದೆ. ಅದರಿಂದ ಹೊಟ್ಟೆ ಹುಣ್ಣಾಗುವ ಅಪಾಯ ಇದೆ.

ಮುದ್ದೆ ಮತ್ತೆ ಬಂದದ್ದು ಎಂಟನೇ ತಿಂಗಳಲ್ಲಿ. ನಾನು ಹೆದರಿದ್ದೆ. ಅಜ್ಜಿ ಹೆದರಲಿಲ್ಲ. ಹಿಟ್ಟು ಸ್ವಲ್ಪ ಕಮ್ಮಿ ಹಾಕಿ ಮೆತ್ತಗೆ ತಿರುವಿ, ಎರಡು ಚಮಚದಷ್ಟು ತಟ್ಟೆಗೆ ಹಾಕಿ, ಕಡಲೆಕಾಳಿನಷ್ಟು ಮುರಿದು ಸಾರಲ್ಲಿ ನೆನೆಯಲು ಬಿಟ್ಟರು. "ಈಗ ಅಗಿ" ಅಂದರು. ಅಕ್ಕ ಅಗಿದರು. ಮುಖ ಕಿವುಚಿದರು, ಹಲ್ಲಿಗೆ ಮೆತ್ತುತ್ತೆ ಅಂದರು, ಮತ್ತೆ ಅಗಿದರು. ಹತ್ತು ನಿಮಿಷ ಬೇಕಾಯಿತು. ನಿಲ್ಲಲಿಲ್ಲ. ಈಗ ವಾರಕ್ಕೆ ಮೂರು ನಾಲ್ಕು ಸಲ, ಅಷ್ಟೇ ಅಳತೆ. ಎಲ್ಲರಿಗೂ ಇದು ಹಿಡಿಸುತ್ತದೆ ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ಮುದ್ದೆ ಕೊನೆವರೆಗೂ ಆಗಿಬರದೇ ಇರಬಹುದು.

ಹದಿಮೂರು ತಿಂಗಳಿಗೆ ತೂಕ 78 ಕಿಲೋ. ಸಕ್ಕರೆ ಮಾತ್ರೆ ಮೂರರಿಂದ ಒಂದಕ್ಕೆ ಇಳಿದಿದೆ, ಇಳಿಸಿದ್ದು ಅವರ ಡಾಕ್ಟರು. ಹಸು ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾರೆ. ಆದರೆ ಕಳೆದ ಮೂರು ತಿಂಗಳಲ್ಲಿ ಇಳಿದದ್ದು ಒಂದೇ ಕಿಲೋ. ಕಾರಣ ಹುಡುಕಿದರೆ ಸಿಕ್ಕಿದ್ದು ನಿಪ್ಪಟ್ಟು, ಖಾರ ಬೂಂದಿ. ಮುದ್ದೆ ನಿಲ್ಲುವ ಹೊಟ್ಟೆಯಲ್ಲಿ ನಿಪ್ಪಟ್ಟು ನಿಲ್ಲುವುದಿಲ್ಲ. ಪುಡಿಯಾಗಿ, ಸಲೀಸಾಗಿ ಜಾರುತ್ತದೆ, ಹೊಟ್ಟೆ ತುಂಬಿತು ಅಂತಲೂ ಅನ್ನಿಸುವುದಿಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಹಗಲು ರಾತ್ರಿ ಸೊಪ್ಪು ಹಾಕುವ ವಾರದಲ್ಲಿ ಇದು ಜಾಸ್ತಿ. ಆ ವಾರಕ್ಕೆ ಅಂತಲೇ ಬೇಯಿಸಿದ ಕಡಲೆಕಾಯಿ, ಉಸಲಿ ಮಾಡಿಡುವ ಪ್ರಯತ್ನ ನಡೆದಿದೆ. ಅರ್ಧ ಗೆದ್ದಿದ್ದೇವೆ.

ಹೋದ ವಾರ ಅಜ್ಜಿ ಫೋನ್ ಮಾಡಿದ್ದರು. ಯುಗಾದಿ ಹತ್ತಿರ ಬಂತು, ಹೊಸತೊಡಕಿಗೆ ಈ ಸಲವೂ ಎಲ್ಲರೂ ಬರುತ್ತಾರೆ. ನಾದಿನಿಗೆ ಆಪರೇಷನ್ನಿನ ವಿಷಯ ಅಜ್ಜಿಯೇ ಹೇಳಿಬಿಟ್ಟಿದ್ದಾರಂತೆ. "ಅವಳ ಎಲೆಗೆ ನಾನೇ ಬಡಿಸ್ತೀನಿ, ಬೇರೆಯವರು ಕೈ ಇಡಂಗಿಲ್ಲ. ಕೈಮ ಉಂಡೆ ಮಾಡಿದ್ರೆ ತಿನ್ನಬೋದೇನಮ್ಮಾ?"

ತಿನ್ನಬಹುದು ಅಜ್ಜಿ, ಮೆತ್ತಗೆ ಬೇಯಿಸಿ, ಸಣ್ಣವು ಎರಡು, ಮುದ್ದೆಗಿಂತ ಮೊದಲು ಅಂದೆ. "ಗೊತ್ತು ಬಿಡು" ಅಂದು ಫೋನ್ ಇಟ್ಟರು.